ಚೆನ್ನಾಜಮ್ಮ ದಾಹ ತಿರಿದದ್ದು

ಕೇಳಿದ್ದನ್ನು ಕೇಳಿದ ಹಾಗೆ ಹೇಳುವುದಷ್ಟೇ ನನಗೆ ಬರುತ್ತದೆ. ಹಗಲೆಲ್ಲ ಹಿಟ್ಟಿನ ಗಿರಣಿಯ ಗದ್ದಲದಲ್ಲಿ ನಿಲ್ಲುವವನಿಗೆ ಮಾತು ಉಳಿಯುವುದಿಲ್ಲ, ಕಿವಿ ಮಾತ್ರ ಉಳಿಯುತ್ತದೆ. ಆ ಕಿವಿಯನ್ನು ತೊಳೆದುಕೊಳ್ಳಲೆಂದೇ ನಾನು ಹುಡುಗನಾಗಿದ್ದಾಗಿನಿಂದ ದಿನಾ ಸಂಜೆ ಚೆನ್ನಾಜಮ್ಮನವರ ಜಗಲಿಗೆ ಹೋಗುತ್ತಿದ್ದೆ. ಅಲ್ಲಿ ಅವರು ಕೆರೆತಾಯಿಯ ಪುರಾಣ ಓದುತ್ತಿದ್ದರು. ಓದುವುದೆಂದರೆ ಪುಸ್ತಕ ಬಿಚ್ಚಿಕೊಂಡಲ್ಲ. ಅವರ ಅವ್ವನ ಬಾಯಿಂದ ಅವರ ಬಾಯಿಗೆ ಬಂದ ಪದಗಳವು, ಅಲ್ಲಿಂದ ನಮ್ಮ ಕಿವಿಗೆ. ಕೇಳಲು ಬರುವವರು ಮೊದಲು ಜಗಲಿ ತುಂಬ ಇರುತ್ತಿದ್ದರು, ಆಮೇಲೆ ಅರ್ಧ ಜಗಲಿ, ಕೊನೆಗೆ ಕಂಬಕ್ಕೆ ಒರಗಿ ಕೂರುವ ನಾನೊಬ್ಬ. "ಒಂದು ಕಿವಿ ಸಾಕು ಬಿಡು ಮರುಳಪ್ಪ. ಕೆರೆತಾಯಿಗೇನು ಓಟು ಬೇಕಾ, ಜನ ಸೇರಿಸೋಕೆ?" ಎಂದು ಚೆನ್ನಾಜಮ್ಮ ನಗುತ್ತಿದ್ದರು.

ನಮ್ಮೂರಲ್ಲಿ ದಾಹವನ್ನು ಒಬ್ಬರು ಇನ್ನೊಬ್ಬರಿಗೆ ಕೊಡುತ್ತಾರೆ. ಅಂಗೈಗೆ ಅಂಗೈ ಕೂಡಿಸಿ "ಕೊಟ್ಟೆ" ಅನ್ನಬೇಕು, ಆಚೆಯವರು "ಇಟ್ಟುಕೊಂಡೆ" ಅನ್ನಬೇಕು. ಕೈಯಿಂದ ಕೈಗೆ ಹಿಂದಿರುಗಿಸುವ ತನಕ ಆ ದಾಹ ಇಟ್ಟುಕೊಂಡವರ ಗಂಟಲಲ್ಲೇ ಹುಟ್ಟುತ್ತದೆ, ಅವರು ಕುಡಿದ ನೀರಿಗೇ ತಣಿಯುತ್ತದೆ. ರೊಟ್ಟಿ ಮುರಿದ ಹಾಗೆ ಮುರಿದು ಹಂಚಬಹುದು. ತಾರಸಿ ಹಾಕಲು ಹೋಗುವ ಗಾರೆ ಕೆಲಸದವರು ಬೆಳಿಗ್ಗೆ ಹೆಂಡತಿಯ ಕೈಗೆ ದಾಹ ಕೊಟ್ಟು ಏಣಿ ಹತ್ತುತ್ತಾರೆ. ಹಿಂದಿನ ದಿನದ ಜಗಳ ಮುಗಿದಿರದಿದ್ದರೆ ಹೆಂಡತಿ ಮಧ್ಯಾಹ್ನ ಒಂದು ಹಿಡಿ ಮೆಣಸಿನಕಾಯಿ ಬೋಂಡ ತಿಂದು, ನೀರು ಮುಟ್ಟದೆ, ಸಂಜೆ ದಾಹ ಹಿಂದಿರುಗಿಸುತ್ತಾಳೆ. ರೋಜಾ ಹಿಡಿದವರು, ಉಪವಾಸ ಇದ್ದವರು ಕೊಡುವಂತಿಲ್ಲ. ಕೊಟ್ಟರೆ ವ್ರತ ಕೆಟ್ಟಂತೆ. ಪರವೂರಿಗೆ ಬಸ್ಸು ಹತ್ತುವವರಿಗೆ ನಾವು ಹೋಗಿ ಬಾ ಅನ್ನುವುದಿಲ್ಲ, "ದಾಹ ಬಿಟ್ಟು ಹೋಗು" ಅನ್ನುತ್ತೇವೆ.

ಚೆನ್ನಾಜಮ್ಮನವರಿಗೆ ತೊಂಬತ್ತು ಹತ್ತಿರವಾಗುತ್ತಿದ್ದಾಗ ಎರಡೂ ಮೂತ್ರಪಿಂಡ ಕೈಬಿಟ್ಟವು. ಹಳೆಯ ಹತ್ತಿ ಗೋದಾಮನ್ನು ಸುಣ್ಣ ಬಳಿದು ಡಯಾಲಿಸಿಸ್ ಕೇಂದ್ರ ಮಾಡಿದ್ದರು. ವಾರಕ್ಕೆ ಮೂರು ಸಲ ಅಲ್ಲಿ ಮಲಗಬೇಕಾಯಿತು. ಎಡಗೈಯಲ್ಲಿ ರಕ್ತನಾಳಗಳನ್ನು ಕೂಡಿಸಿ ಹೊಲಿದು ಒಂದು ದಾರಿ ಮಾಡಿದರು, ರಕ್ತ ಯಂತ್ರಕ್ಕೆ ಹೋಗಿ ತೊಳೆದುಕೊಂಡು ಬರಲಿಕ್ಕೆ. ಹೊಲಿಗೆ ಮಾಗಿದ ಮೇಲೆ ಆ ಜಾಗ ಸದಾ ಜುಮ್ಮೆನ್ನುತ್ತಿತ್ತು. ಒಂದು ಸಂಜೆ ಅವರು ಕೈ ಚಾಚಿ, "ಕಿವಿ ಇಟ್ಟು ನೋಡೋ" ಎಂದರು. ಇಟ್ಟೆ. ಒಳಗೆ ತಂಬೂರಿ ಮೀಟಿ ಬಿಟ್ಟ ಹಾಗೆ ಒಂದೇ ಎಳೆಯ ನಾದ. "ನಮ್ಮವ್ವ ಶ್ರುತಿಪೆಟ್ಟಿಗೆ ಕೊಡಿಸ್ತೀನಿ ಅಂತ ಸಾಯೋವರೆಗೂ ಹೇಳ್ತಿದ್ಲು. ನೋಡು, ಈಗ ಬಂತು, ಮೈಯೊಳಗೇ" ಎಂದರು. ಅವತ್ತಿನಿಂದ ಆ ಕೈಯನ್ನು ಕಿವಿಗೆ ಹಚ್ಚಿಕೊಂಡು ಶ್ರುತಿ ಹಿಡಿದೇ ಪದ ಎತ್ತುತ್ತಿದ್ದರು.

ಕಾಯಿಲೆ ಬಂದರೂ ಅವರು ತಮ್ಮ ಒಂದಂಕಣದ ಮನೆ ಬಿಡಲಿಲ್ಲ. ಮಗಳು ರುದ್ರಾಣಕ್ಕನ ಮನೆ ಬೀದಿಯಾಚೆ, ಎದುರಿಗೇ ಇತ್ತು. ರುದ್ರಾಣಕ್ಕ ಅಂಗನವಾಡಿ ಟೀಚರಾಗಿದ್ದು ನಿವೃತ್ತಳಾದವಳು. ಊರ ಮಕ್ಕಳಿಗೆಲ್ಲ ಮೂಗು ಒರೆಸಿ ಅಭ್ಯಾಸವಾದ ಅವಳಿಗೆ ತಾಯಿಯನ್ನು ಸುಮ್ಮನೆ ಬಿಡುವುದು ಆಗುತ್ತಿರಲಿಲ್ಲ. ಆದರೆ ಚೆನ್ನಾಜಮ್ಮ ತಮ್ಮ ಸ್ನಾನ ತಾವೇ ಮಾಡುವರು, ಉಪ್ಪಿಲ್ಲದ ರೊಟ್ಟಿ ತಾವೇ ತಟ್ಟುವರು, ಸೊಪ್ಪನ್ನು ಎರಡು ನೀರಿನಲ್ಲಿ ಬೇಯಿಸಿ ಬಸಿಯುವರು, ಗೋಡೆ ಹಿಡಿದುಕೊಂಡು ಡಯಾಲಿಸಿಸ್ಸಿಗೂ ನಡೆದೇ ಹೋಗುವರು. ನಡುವೆ ಬೇವಿನ ಕಟ್ಟೆಯ ಮೇಲೆ ಕೂರುವರು. ಯಾರಾದರೂ ತೋಳು ಹಿಡಿಯಲು ಹೋದರೆ, "ಬಿಡವ್ವ, ಈ ಕೈಯಲ್ಲಿ ಸಂಗೀತ ಐತೆ, ಕೆಟ್ಟೋಯ್ತದೆ" ಎಂದು ಜಾರಿಕೊಳ್ಳುವರು.

ಕಷ್ಟವಾದದ್ದು ನೀರು. ದಿನಕ್ಕೆ ಒಂದು ಕಂಚಿನ ಗಿಂಡಿ, ಅದರಲ್ಲೇ ಗಂಜಿ, ಮಾತ್ರೆ, ಎಲ್ಲ. ಹೆಚ್ಚು ಕುಡಿದರೆ ಮೈ ಊದಿ ಉಸಿರು ಕಟ್ಟುವುದು. ಬಾಯಿ ಒಣಗಿ ಪದ ಹೊರಡದೆ ಹೋದಾಗ ಚೆನ್ನಾಜಮ್ಮ ನನ್ನ ಕಡೆ ತಿರುಗಿ, "ನಾಲಿಗೆ ಅಂಗುಳಕ್ಕೆ ಅಂಟ್ಕಂಡ್ರೆ ತಾಯಿ ಕಥೆ ಹೆಂಗಪ್ಪ ಹೇಳ್ಲಿ? ಓದೋ ಹೊತ್ತಿಗೆ ಮಾತ್ರ ನನ್ನ ದಾಹ ಇಟ್ಕಂತೀಯಾ?" ಎಂದು ಕೇಳಿದರು. ಅವರು ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು. ಅಂಗೈ ಕೂಡಿಸಿದೆ. ಬೇರೆಯವರ ದಾಹ ನನಗೆ ಹೊಸದಲ್ಲ. ಇದು ಮಾತ್ರ ಬೇರೆ ಥರ ಇತ್ತು, ಬಿಸಿಲಲ್ಲಿ ಮರೆತುಬಿಟ್ಟ ಹಿತ್ತಾಳೆ ಪಾತ್ರೆಯನ್ನು ತಬ್ಬಿಕೊಂಡ ಹಾಗೆ. ಇದನ್ನು ಹೊತ್ತುಕೊಂಡೇ ಇವರು ನಗುತ್ತಿದ್ದರೇ ಎಂದು ನಾನು ಚೊಂಬು ಎತ್ತಿ ಗಟಗಟನೆ ಕುಡಿದೆ. ಎದುರಿಗೆ ಅವರ ಧ್ವನಿ ಮೊದಲಿನ ಹಾಗೆ ತೆರೆದುಕೊಂಡಿತು:

ಬಂದಳವ್ವ ಬರಿಗಾಲಲಿ ಬಿಸಿಲೊಳು
ಕುಂದದ ದಾಹವ ಸೆರಗಲಿ ಕಟ್ಟಿ
ಒಂದೇ ಗುಟುಕನು ಕೇಳುತಲಿ.

ಓದು ಮುಗಿದ ಕೂಡಲೇ ಅಂಗೈ ಚಾಚಿದರು. "ತಾ ನಂದು." ಇನ್ನಷ್ಟು ಹೊತ್ತು ನನ್ನಲ್ಲೇ ಇರಲಿ ಅಮ್ಮ ಎಂದರೆ ಕೇಳಲಿಲ್ಲ. "ಕಡ ತಂದ ಒನಕೆ ಕೆಲ್ಸ ಆದ್ಮೇಲೆ ಮನೆ ಸೇರಬೇಕು ಕಣೋ." ಹೀಗೆ ಬಹಳ ದಿನ ನಡೆಯಿತು.

ಕೆಟ್ಟದ್ದು ನಮ್ಮೆಲ್ಲರ ಪ್ರೀತಿಯಿಂದ. ಆ ಬೇಸಿಗೆ ಬಿಸಿಲು ಜೋರಾಗಿತ್ತು. ಚೆನ್ನಾಜಮ್ಮ ಒಮ್ಮೆ ತಡೆಯಲಾರದೆ ಅರ್ಧ ಕೊಡ ನೀರು ಕುಡಿದು, ಉಬ್ಬಸ ಹತ್ತಿ, ಕೇಂದ್ರಕ್ಕೆ ಆಟೋದಲ್ಲಿ ಹೋಗಬೇಕಾಯಿತು. ರುದ್ರಾಣಕ್ಕ ಹೆದರಿದಳು. "ಅವ್ವಾ, ನನ್ನ ಗಂಟಲು ಯಾಕೈತೆ? ಕೊಡು" ಎಂದು ಅತ್ತಳು. ಮಗಳ ಅಳುವಿಗೆ ಸೋತು ಚೆನ್ನಾಜಮ್ಮ ಕೈ ಕೂಡಿಸಿದರು. ಅಷ್ಟು ದಾಹ ಒಬ್ಬಳಿಗೆ ತಾಳಲಿಲ್ಲ. ಅವಳು ಬೀದಿಯ ಮನೆಮನೆಗೆ ಹೇಳಿದಳು. ಬೀದಿ ನಾ ಮುಂದು ತಾ ಮುಂದು ಎಂದು ಬಂತು. ಪುರಾಣ ಓದುವ ಬಾಯಿಯ ದಾಹ, ಪುಣ್ಯದ ಕೆಲಸ! ಬಳೆ ಅಂಗಡಿಯ ತೋಪಮ್ಮ ಒಂದು ಚೂರು, ನಿವೃತ್ತ ಮೇಷ್ಟ್ರು ಶಿವನಂಜಪ್ಪ ಒಂದು ಚೂರು, ನನ್ನ ಪಾಲಿಗೂ ಒಂದು ಚೂರು. ಮಿಕ್ಕ ದೊಡ್ಡ ಭಾಗ ರುದ್ರಾಣಕ್ಕನ ಹತ್ತಿರ. ಚೆನ್ನಾಜಮ್ಮನವರ ಗಂಟಲಲ್ಲಿ ಏನೂ ಉಳಿಯಲಿಲ್ಲ.

ಕೇಂದ್ರದಲ್ಲಿ ಪಕ್ಕದ ಮಂಚದ ಬುಡೇನ್ ಸಾಬರು, ಅವರೂ ಎಂಬತ್ತು ದಾಟಿದವರು, ಹೊಟ್ಟೆಕಿಚ್ಚು ಪಟ್ಟರು. "ನಿಮ್ದೇನಮ್ಮ ನಸೀಬು, ಬೀದಿಗೆ ಬೀದಿಯೇ ನಿಮಗೋಸ್ಕರ ನೀರು ಕುಡೀತದೆ. ನನ್ನ ಹೆಂಡ್ತಿ ನನ್ನ ದಾಹ ತಗಂಡ್ಹೋಗಿ ನಿಂಬೆ ಸೋಡಾ ಕುಡೀತಾಳೆ. ಕುಡಿದು ಬಂದು ನನ್ನ ಮುಂದೇ ತೇಗ್ತಾಳೆ!" ಸಿಸ್ಟರ್ ಫ್ಲೇವಿಯಾ ತೂಕದ ಯಂತ್ರ ನೋಡಿ, "ವೆರಿ ಗುಡ್ ಅಜ್ಜಿ, ನೀರೇ ಏರಿಲ್ಲ ಈ ಸಲ" ಎಂದು ಬೆನ್ನು ತಟ್ಟಿದರು. ಆ ಮಾತು ಬೀದಿಗೆ ಬಂದಾಗ ತೋಪಮ್ಮ ತನಗೇ ಪದಕ ಬಂದಂತೆ ನಡೆದಾಡಿದಳು.

ಚೆನ್ನಾಜಮ್ಮ ಮಾತ್ರ ದಿನದಿಂದ ದಿನಕ್ಕೆ ಸುಮ್ಮನಾಗುತ್ತಿದ್ದರು. ಗಿಂಡಿಯ ನೀರು ಬೆಳಿಗ್ಗೆ ಇಟ್ಟದ್ದು ಸಂಜೆಯೂ ಹಾಗೇ ಇರುವುದು. ದಾಹವಿಲ್ಲದ ಬಾಯಿಗೆ ಗಂಜಿಯೂ ಬೇಡವಾಯಿತು. ರೊಟ್ಟಿ ತಟ್ಟಲು ಕೂತವರು ಹಿಟ್ಟಿನ ಮುಂದೆ ಹಾಗೆಯೇ ಕೂತಿರುವರು, ಯಾಕೆ ಕೂತೆ ಎಂದು ಮರೆತವರಂತೆ. ಸಂಜೆ ಪದ ಎತ್ತಿದರೆ ಒಂದಕ್ಷರವೂ ತಪ್ಪುತ್ತಿರಲಿಲ್ಲ, ಆದರೆ ಬಿಸಿಲೊಳು ಎಂದಾಗ ನನಗೆ ಬಿಸಿಲು ಕಾಣುತ್ತಿರಲಿಲ್ಲ. ಒಂದು ದಿನ "ಒಂದೇ ಗುಟುಕನು" ಎಂಬಲ್ಲಿ ನಿಂತುಬಿಟ್ಟರು. "ಮರುಳಪ್ಪಾ, ಇವಳು ಯಾಕೋ ಇಷ್ಟು ಗೋಗರೀತಾಳೆ? ನೀರಲ್ವಾ ಅದು, ಇದ್ರೆ ಇತ್ತು, ಇಲ್ದಿದ್ರೆ ಇಲ್ಲ" ಎಂದರು. ತಮಾಷೆ ಮಾಡುತ್ತಿದ್ದಾರೆಂದು ಮುಖ ನೋಡಿದೆ. ತಮಾಷೆ ಇರಲಿಲ್ಲ. ನಿಜವಾಗಿ ಕೇಳುತ್ತಿದ್ದರು.

ಶ್ರುತಿ ನೋಡು ಎಂದು ಕೈ ಚಾಚಿದರು. ಕಿವಿ ಇಟ್ಟೆ. ನಾದ ಎಲ್ಲೋ ದೂರದಲ್ಲಿತ್ತು, ಬಾಗಿಲು ಹಾಕಿದ ಮನೆಯೊಳಗೆ ಯಾರೋ ಗುನುಗಿದಂತೆ. ಇನ್ನೊಮ್ಮೆ ಒತ್ತಿ ಇಟ್ಟೆ. "ಅಮ್ಮಾ, ಶ್ರುತಿ ಇಳಿದೈತೆ" ಎಂದೆ. "ಹಂಗಾದ್ರೆ ಫ್ಲೇವಿಯಮ್ಮನಿಗೆ ತೋರಿಸಿ ಬರಾಣ, ನಡಿ" ಎಂದು ಕಂಬ ಹಿಡಿದು ಎದ್ದರು. ಎದ್ದವರು ಒಣಗಿದ ಬಟ್ಟೆ ದಾರದಿಂದ ಕಳಚಿದ ಹಾಗೆ, ಸದ್ದೇ ಇಲ್ಲದೆ, ನನ್ನ ತೋಳಿನ ಮೇಲೆ ಬಿದ್ದರು.

ಆಸ್ಪತ್ರೆಯಲ್ಲಿ ಗ್ಲೂಕೋಸ್ ಬಾಟಲಿಯಂಥದೇ ಉಪ್ಪುನೀರಿನ ಬಾಟಲಿ ಏರಿಸಿದರು. ಹೊತ್ತು ಕಳೆದಂತೆ ಕೈಯ ನಾದ ಮೆಲ್ಲಗೆ ಹಿಂದಿರುಗಿತು. ಡಾಕ್ಟರು ಹೊರಗಿನ ಊರಿನವರು, ಹೊಸಬರು. ಮೈಯೆಲ್ಲ ಒಣಗಿ ರಕ್ತದೊತ್ತಡ ಕುಸಿದಿದೆ, ಇನ್ನು ಸ್ವಲ್ಪವಾಗಿದ್ದರೆ ಕೈಯಲ್ಲಿನ ದಾರಿ ಹೆಪ್ಪುಗಟ್ಟಿ ಮುಚ್ಚಿಹೋಗುತ್ತಿತ್ತು ಎಂದರು. ಮುಚ್ಚಿದರೆ ಕುತ್ತಿಗೆಗೆ ನಳಿಕೆ ಹಾಕಬೇಕು, ಅದು ನೆನೆಯದ ಹಾಗೆ ಸ್ನಾನವೂ ಇನ್ನೊಬ್ಬರ ಕೈಯಿಂದಲೇ ಆಗಬೇಕು, ಈ ವಯಸ್ಸಿಗೆ ಇನ್ನೊಂದು ಕೈ ಹೊಲಿಯುವುದು ಕಷ್ಟ. ಇಷ್ಟು ಹೇಳಿ ಕೊನೆಗೆ, "ಹೆಚ್ಚು ಕುಡೀಬೇಡಿ ಅಂದಿದ್ವಿ, ಪೂರ್ತಿ ನಿಲ್ಲಿಸಿ ಅಂತ ಯಾರು ಹೇಳಿದ್ರು? ಅಜ್ಜಿಗೆ ಬಾಯಾರಿಕೆನೇ ಆಗ್ತಿರಲಿಲ್ವಾ?" ಎಂದು ಕೇಳಿದರು. ಮಂಚದ ಸುತ್ತ ನಮ್ಮ ಬೀದಿಯೇ ನಿಂತಿತ್ತು. ತೋಪಮ್ಮ ಬಳೆ ಸರಿಮಾಡಿಕೊಂಡಳು. ಮೇಷ್ಟ್ರು ಕಿಟಕಿಯಾಚೆ ನೋಡಿದರು. ನನ್ನ ಗಂಟಲಲ್ಲಿ ಅವರ ದಾಹದ ಚೂರು ಮುಳ್ಳಿನ ಹಾಗೆ ಎದ್ದಿತು.

ಮನೆಗೆ ಬಂದ ದಿನ ರುದ್ರಾಣಕ್ಕ ತಾಯಿಯ ಹಾಸಿಗೆ ಸುತ್ತತೊಡಗಿದಳು. "ಸಾಕು ಅವ್ವ ನಿನ್ನ ಒಂಟಿ ಸಂಸಾರ. ನಮ್ಮನೆಗೆ ಬಾ. ಸ್ನಾನ ನಾನು ಮಾಡಿಸ್ತೀನಿ. ನೀರು ಹೊತ್ತುಹೊತ್ತಿಗೆ ಅಳೆದು ನಾನೇ ಬಾಯಿಗೆ ಹಾಕ್ತೀನಿ. ನಿನಗೆ ದಾಹದ ಗೊಡವೆನೇ ಬ್ಯಾಡ."

"ನಾನೇನು ಕುಂಡದ ಗಿಡವೇನೇ, ಹೊತ್ತುಹೊತ್ತಿಗೆ ನೀರು ಹಾಕೋಕೆ?" ಚೆನ್ನಾಜಮ್ಮ ಹಾಸಿಗೆಯ ಇನ್ನೊಂದು ಕೊನೆ ಹಿಡಿದುಕೊಂಡರು. "ಕೈ ಹೋಗೋದ್ರಲ್ಲಿತ್ತು. ಯಾಕೆ? ದಾಹ ನನ್ನ ಹತ್ರ ಇರಲಿಲ್ಲ. ಇದ್ದಿದ್ರೆ ಅದೇ ಎಬ್ಬಿಸಿ ಹೇಳ್ತಿತ್ತು, ಏಳೇ ಮುದುಕಿ, ಗಿಂಡಿ ಎಲ್ಲೈತೆ ನೋಡು ಅಂತ."

"ಇದ್ದಾಗ ಅರ್ಧ ಕೊಡ ಕುಡಿದೆಯಲ್ಲ, ಅದು?"

"ಕುಡಿದೆ. ತಪ್ಪು ನಂದು, ಉಬ್ಬಸ ನಂದು. ಈಗ ಆಗಿದ್ದು ಯಾರದು ಅಂತ ಹುಡುಕಿದ್ರೆ ಯಾರೂ ಸಿಗಾಕಿಲ್ಲ." ಮಗಳು ಹಾಸಿಗೆ ಮಾತ್ರ ಬಿಡಲಿಲ್ಲ.

ಮಾರನೆಯ ಬೆಳಿಗ್ಗೆ ನಾನು ಗಿರಣಿಗೆ ಬೀಗ ತೆಗೆಯುತ್ತಿದ್ದೆ. ಬೀದಿಯ ಆ ತುದಿಯಿಂದ ಚೆನ್ನಾಜಮ್ಮ ಕೋಲೂರಿಕೊಂಡು ಬರುತ್ತಿದ್ದರು, ಹಣೆ ತುಂಬ ವಿಭೂತಿ. ನನ್ನ ಮುಂದೆ ನಿಂತು ಅಂಗೈ ಚಾಚಿದರು. "ತಾಯೀ ಹೆಸರಲ್ಲಿ, ನನ್ನ ದಾಹ ನೀಡಪ್ಪ." ಜೋಳಿಗೆ ಹಿಡಿದ ಜಂಗಮರು ಬಾಗಿಲಲ್ಲಿ ನಿಂತು ಭಿಕ್ಷೆ ಕೇಳುವ ರಾಗದಲ್ಲೇ ಕೇಳಿದರು. ನನ್ನ ಕೈಗೆ ಹಿಟ್ಟು ಮೆತ್ತಿತ್ತು. ಒರೆಸಿಕೊಳ್ಳಲು ಹೋದರೆ, "ಇರಲಿ, ಭಿಕ್ಷೆಗೆ ಹಿಟ್ಟು ಶುಭ" ಎಂದರು. ಕೊಟ್ಟೆ ಎಂದೆ. ಇಟ್ಟುಕೊಂಡೆ ಎಂದವರು ಒಮ್ಮೆ ಕಣ್ಣು ಮುಚ್ಚಿ, ತುಟಿ ಸವರಿಕೊಂಡು, "ಹಾಂ" ಎಂದರು, ಬಹಳ ದಿನದ ಮೇಲೆ ಯಾರೋ ಹೆಸರು ಹಿಡಿದು ಕರೆದಂತೆ. ನಾನು ಗಿರಣಿಗೆ ಮತ್ತೆ ಬೀಗ ಹಾಕಿ ಅವರ ಹಿಂದೆ ಹೊರಟೆ.

ತೋಪಮ್ಮ ಒಪ್ಪಲಿಲ್ಲ. "ಅಯ್ಯೋ ಅಜ್ಜೀ, ನಿಮ್ಮ ದಾಹ ಬಂದಾಗಿಂದ ನೀರು ಎಷ್ಟು ರುಚಿ ಅಂತೀರಾ! ಮಡಕೆ ನೀರು ಪಾನಕ ಇದ್ದಂಗಿರುತ್ತೆ." ಚೆನ್ನಾಜಮ್ಮ ನಕ್ಕರು. "ರುಚಿ ಯಾರದು ಅಂದ್ಕಂಡಿದೀಯ? ನಂದೇ ಕಣೆ. ತಾ ಇತ್ಲಾಗೆ." ಅವಳು ಕೊಟ್ಟಳು, ಕೊಟ್ಟ ಮೇಲೆ ಖಾಲಿ ಅಂಗೈಯನ್ನು ನೋಡಿಕೊಂಡಳು. ಶಿವನಂಜಪ್ಪ ಮೇಷ್ಟ್ರು ಎದ್ದು ನಿಂತು ಕೈಮುಗಿದು, ಆಮೇಲೆ ತಡವರಿಸಿದರು. ಅವರ ಪಾಲಿನ ಚೂರು ಅವರಲ್ಲಿರಲಿಲ್ಲ. ಪ್ರೋಸ್ಟೇಟಿನ ತೊಂದರೆ, ಪದೇಪದೇ ಏಳುವುದು ಕಷ್ಟವಾಗಿ ಅದನ್ನು ಮೊದಲ ಬಸ್ಸಿನ ಕಂಡಕ್ಟರನಿಗೆ ದಾಟಿಸಿಬಿಟ್ಟಿದ್ದರು. "ಪುಣ್ಯವನ್ನೂ ಒಳಗುತ್ತಿಗೆ ಕೊಟ್ರಾ ಮೇಷ್ಟ್ರೇ?" ಎಂದರು ಚೆನ್ನಾಜಮ್ಮ. ನಾವು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನಲ್ಲಿ ಕಾದೆವು. ಬಸ್ಸು ಬಂತು. ಕಂಡಕ್ಟರ ಫುಟ್‌ಬೋರ್ಡಿನಿಂದಲೇ ಬಗ್ಗಿ, "ಇದು ನಿಮ್ದಾ ಅಜ್ಜಿ? ಅದಕ್ಕೇ ಘಾಟಿ ಹತ್ತುವಾಗೆಲ್ಲ ಹಾಡು ಬರೋದು ಬಾಯಿಗೆ" ಎಂದು ಕೈ ಕೂಡಿಸಿ, ಸೀಟಿ ಊದಿ ಹೊರಟ.

ಹಿಂದಿರುಗುವಾಗ ಬಿಸಿಲೇರಿತ್ತು. ಅವರ ತುಟಿ ಆಗಲೇ ಒಣಗಲು ಶುರುವಾಗಿತ್ತು, ಆದರೆ ಕೋಲಿನ ಸದ್ದು ಗಟ್ಟಿಯಾಗಿತ್ತು. ಬೇವಿನ ಕಟ್ಟೆಯಲ್ಲಿ ಕೂರೋಣ ಎಂದೆ. "ಬ್ಯಾಡ, ದೊಡ್ಡ ಮನೆ ಬಾಕಿ ಐತೆ" ಎಂದರು.

ರುದ್ರಾಣಕ್ಕ ಬಾಗಿಲಲ್ಲೇ ನಿಂತಿದ್ದಳು. ಬೆಳಗಿನಿಂದ ಎಲ್ಲ ನೋಡಿದ್ದಳು. ತಾಯಿ ಮೆಟ್ಟಿಲ ಕೆಳಗೆ ನಿಂತು ಅಂಗೈ ಚಾಚಿದೊಡನೆ ಎರಡೂ ಕೈ ಸೆರಗಿನೊಳಗೆ ಸುತ್ತಿಕೊಂಡಳು. "ಕೊಡಾಕಿಲ್ಲ."

"ಯಾಕವ್ವ?"

"ಕೊಡಾಕಿಲ್ಲ ಅಂದ್ರೆ ಕೊಡಾಕಿಲ್ಲ." ಅರವತ್ತು ದಾಟಿದವಳು, ಅಂಗನವಾಡಿಯ ಮಗುವಿನ ಹಾಗೆ ಕಾಲು ಒತ್ತಿ ನಿಂತಳು. ಚೆನ್ನಾಜಮ್ಮ ಕೈ ಇಳಿಸಲಿಲ್ಲ. ಎತ್ತಿ ಹಿಡಿದ ತೋಳು ನಡುಗತೊಡಗಿತು. ನಾನು ಆಸರೆ ಕೊಡಲು ಹೋದೆ, ಕಣ್ಣಲ್ಲೇ ತಡೆದರು. ಆ ನಡುಗುವ ಕೈ ನೋಡಿ ರುದ್ರಾಣಕ್ಕನ ಗಂಟಲು ಬಿಟ್ಟುಕೊಂಡಿತು. "ಬೆಳಗ್ಗೆ ಎಚ್ಚರ ಆಗ್ತಿದ್ದಂಗೆ ನನ್ನ ಗಂಟಲು ಒಣಗಿರುತ್ತೆ ಅವ್ವ. ಆಗ ಗೊತ್ತಾಗುತ್ತೆ, ನೀನು ಇದೀಯ. ಆಚೆ ಮನೇಲಿ ಉಸಿರಾಡ್ತಿದೀಯ. ನೀರು ಕುಡಿದು ಇನ್ನೊಂದು ಚೂರು ನಿದ್ದೆ ಮಾಡ್ತೀನಿ. ಇಷ್ಟು ವರ್ಷ ಕತ್ತಲಲ್ಲೇ ಎದ್ದು, ನಿನ್ನ ಬಾಗಿಲ ಚಿಲಕ ಯಾವಾಗ ಸದ್ದಾಗುತ್ತೋ ಅಂತ ಕಿಟಕಿ ಹಿಡ್ಕಂಡು ನಿಂತಿರ್ತಿದ್ದೆ. ನಿನಗೇನು ಗೊತ್ತು? ಅದನ್ನ ಕೊಟ್ರೆ ಮತ್ತೆ ಕಿಟಕಿಗೆ ಹೋಗಬೇಕು ನಾನು."

ಚೆನ್ನಾಜಮ್ಮ ಮೆಟ್ಟಿಲ ಮೇಲೆ ಕೂತರು. ಮಗಳೂ ಕೂತಳು. "ಕಿಟಕಿ ಹಿಡ್ಕಂಡು ನಿಂತಿದ್ಯಾ?" ಎಂದು ಕೇಳಿದರು. ಅವಳು ತಲೆಯಾಡಿಸಿದಳು. "ಹೇಳಬಾರದೇನೇ. ನಾನು ಎದ್ದ ಮೇಲೂ ಮಂಡಿ ನೀವ್ಕಂಡು ಕೂತಿರ್ತೀನಿ. ಚಿಲಕ ಮೊದಲೇ ತೆಗೀತಿದ್ದೆ." ಮಗಳ ಸೆರಗಿನೊಳಗಿನ ಕೈಯನ್ನು ಹುಡುಕಿ ಹೊರಗೆಳೆದುಕೊಂಡರು. ಅಂಗೈ ಬಿಡಿಸಿ ಸವರಿದರು. "ಪೂರ್ತಿ ಕೇಳಲ್ಲ. ಒಂದು ಗುಟುಕು ನೀನೇ ಇಟ್ಕ. ಬೆಳಗಿನ ಜಾವದ್ದು. ಅದು ನಂಗೂ ಬ್ಯಾಡ, ಆಗ ಎದ್ದು ನೀರಿಗೆ ತಡಕಾಡೋದು ಕಷ್ಟ. ಮಿಕ್ಕಿದ್ದು ನಂದು. ಏನಂತೀಯ?"

ರುದ್ರಾಣಕ್ಕ ಬೀದಿ ನೋಡಿದಳು, ನನ್ನನ್ನು ನೋಡಿದಳು, ತಾಯಿಯ ಎಡಗೈಯ ಉಬ್ಬಿದ ನರ ನೋಡಿದಳು. "ಉಬ್ಬಸ ಬಂದ್ರೆ?" ಎಂದಳು.

"ಕೂಗ್ತೀನಿ. ಬೀದಿ ದಾಟೋಕೆ ನಿಂಗೆ ಎಷ್ಟು ಹೊತ್ತು?"

"ಬಿದ್ರೆ?"

"ಬಿದ್ರೆ ಎತ್ತು. ಬೀಳೋಕೆ ಮುಂಚೆ ಎತ್ಕಂಡು ತಿರುಗಬ್ಯಾಡ."

ಅಂಗೈಗಳು ಕೂಡಿದವು. "ಕೊಟ್ಟೆ" ಎಂಬ ಮಾತು ಎಷ್ಟು ಮೆಲ್ಲಗೆ ಬಂತೆಂದರೆ ಗಿರಣಿಯ ಕಿವಿಗೂ ಕಷ್ಟವಾಯಿತು. "ಇಟ್ಕಂಡೆ" ಎಂದ ಚೆನ್ನಾಜಮ್ಮನವರ ಮುಖ ಒಮ್ಮೆಲೇ ಕಿವುಚಿಕೊಂಡಿತು. ಎಲ್ಲ ದಾಹ ಒಟ್ಟಿಗೆ ಬಂದಿತ್ತು. ಕತ್ತಿನ ನರ ಬಿಗಿದವು. ಕಣ್ಣು ಅಂಗಳದ ನೀರಿನ ತೊಟ್ಟಿಯ ಕಡೆ ಹೋಯಿತು, ಅಲ್ಲೇ ನಿಂತಿತು. ತೊಟ್ಟಿ ತುಂಬಿ ತುಳುಕುತ್ತಿತ್ತು. ರುದ್ರಾಣಕ್ಕ ಏಳಲು ಹೋದವಳು ತುಟಿ ಕಚ್ಚಿಕೊಂಡು ಹಾಗೆಯೇ ಕೂತಳು. ಅವಳು ತನ್ನ ಜೀವಮಾನದಲ್ಲಿ ಮಾಡಿದ ಅತಿ ಕಷ್ಟದ ಕೆಲಸ ಅದೇ ಇರಬೇಕು, ಸುಮ್ಮನೆ ಕೂತದ್ದು.

ಚೆನ್ನಾಜಮ್ಮ ಕೋಲು ಹಿಡಿದು ಎದ್ದರು. ಬೀದಿ ದಾಟಿದರು. ತಮ್ಮ ಮನೆಯೊಳಗಿಂದ ಕಂಚಿನ ಗಿಂಡಿ ತಂದು ಜಗಲಿಯಲ್ಲಿ ಕೂತು, ಪುಟ್ಟ ಬಟ್ಟಲಿಗೆ ಒಂದು ಬಾಯಿಯಷ್ಟು ಬಗ್ಗಿಸಿಕೊಂಡರು. ಕುಡಿಯಲಿಲ್ಲ. ಮೊದಲು ಎಡಗೈಯನ್ನು ಕಿವಿಗೆ ಹಚ್ಚಿಕೊಂಡರು. ಆಮೇಲೆ, ಒಣಗಿದ ಬಾಯಲ್ಲೇ, ಕೆರೆತಾಯಿ ಬಿಸಿಲಲ್ಲಿ ಬಂದ ಪದ ಎತ್ತಿದರು. ಧ್ವನಿ ಒಡೆದಿತ್ತು, ಅಕ್ಷರಗಳು ಸವೆದ ಚಪ್ಪಲಿಯ ಹಾಗೆ ಎಳೆದಾಡುತ್ತಿದ್ದವು. ಆದರೆ ಒಂದೇ ಗುಟುಕನು ಎಂದಾಗ ಬೀದಿಯಾಚೆ ಮೆಟ್ಟಿಲ ಮೇಲಿದ್ದ ಮಗಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ತೋಪಮ್ಮ ಅಂಗಡಿಯಿಂದ ಹೊರಗೆ ಬಂದಳು. ನನಗೆ ಬಿಸಿಲು ಕಂಡಿತು, ಸುಡುವ ನೆಲ ಕಂಡಿತು, ಬರಿಗಾಲು ಕಂಡಿತು. ಪದ ಮುಗಿದ ಮೇಲೆ ಅವರು ಬಟ್ಟಲೆತ್ತಿ ಆ ನೀರನ್ನು ನಾಲಿಗೆಯ ಮೇಲೆ ಇಟ್ಟುಕೊಂಡರು. ಸಿಹಿ ಕರಗಿಸುವ ಹಾಗೆ, ನುಂಗುವ ಮನಸ್ಸಿಲ್ಲದೆ, ಬಹಳ ಹೊತ್ತು. "ಅಬ್ಬಾ, ಇದಕ್ಕೆ ತಾಯಿ ಅಷ್ಟು ಗೋಗರೆದಿದ್ದು" ಎಂದರು.

ಅವತ್ತಿನ ಮೇಲೂ ಸಲೀಸಾಗೇನೂ ಇರಲಿಲ್ಲ. ಕೆಲವು ದಿನ ಅವರು ಗಿಂಡಿಗೆ ಬೆನ್ನು ಹಾಕಿ ಕೂರುತ್ತಿದ್ದರು. ಒಮ್ಮೆ ಸೋತು ಎರಡು ಗಿಂಡಿ ಕುಡಿದು ಸಿಸ್ಟರ್ ಫ್ಲೇವಿಯಾ ಕೈಲಿ ಬೈಸಿಕೊಂಡರು. ಬೈಸಿಕೊಂಡದ್ದನ್ನು ಬುಡೇನ್ ಸಾಬರಿಗೆ ಹೆಮ್ಮೆಯಿಂದ ಹೇಳಿಕೊಂಡರು. ಓದುವ ಹೊತ್ತಿಗೆ ದಾಹ ನನ್ನ ಅಂಗೈಗೆ ಬರುತ್ತದೆ, ಮುಗಿದೊಡನೆ "ತಾ ನಂದು" ಎಂದು ಹೋಗುತ್ತದೆ. ಜಗಲಿಯಲ್ಲಿ ಈಗ ತೋಪಮ್ಮನೂ ಕೂರುತ್ತಾಳೆ. ಸ್ನಾನ, ರೊಟ್ಟಿ, ಬೇವಿನ ಕಟ್ಟೆ, ಎಲ್ಲ ಅವರದೇ.

ಇವತ್ತು ಬೆಳಿಗ್ಗೆ ರುದ್ರಾಣಕ್ಕ ಜೋಳ ಬೀಸಿಸಲು ಗಿರಣಿಗೆ ಬಂದಿದ್ದಳು. ನಿದ್ದೆ ತುಂಬಿದ ಕಣ್ಣು, ಹೊಳೆಯುವ ಮುಖ. ಯಂತ್ರದ ಗದ್ದಲದಲ್ಲಿ ಮಾತು ಕೇಳುವ ಹಾಗಿಲ್ಲ. ಅವ್ವ ಹೇಗಿದ್ದಾರೆ ಎಂದು ನಾನು ಹುಬ್ಬು ಹಾರಿಸಿದೆ. ಅವಳು ಗಂಟಲು ಮುಟ್ಟಿ ತೋರಿಸಿದಳು, ಹೆಬ್ಬೆರಳನ್ನು ತುಟಿಗೆತ್ತಿ ಒಂದು ಗುಟುಕು ಕುಡಿದ ಹಾಗೆ ಮಾಡಿದಳು, ನಕ್ಕಳು.